ಮಗು ಕಾಸು ನುಂಗಿತಾ? ಅದು ಕಾಸೇನಾ ಅಂತ ಮೊದಲು ನೋಡಿ

ನನ್ನ ತಂಗಿ ಮಗನಿಗೆ ಆಗ ಎರಡೂವರೆ ವರ್ಷ. ಶುಕ್ರವಾರದ ಪೂಜೆ ಮುಗಿದಿತ್ತು. ದೇವರ ಮುಂದಿನ ತಟ್ಟೆಯಲ್ಲಿ ಎಲೆ ಅಡಿಕೆ ಜೊತೆ ಒಂದು ರೂಪಾಯಿಯ ಎರಡು ನಾಣ್ಯ ಇದ್ದವು. ತಂಗಿ ಅಡುಗೆಮನೆಗೆ ಹೋಗಿ ಬರುವಷ್ಟರಲ್ಲಿ ಒಂದೇ ಉಳಿದಿತ್ತು. ಹುಡುಗ ಅಳಲಿಲ್ಲ, ಕೆಮ್ಮಲೂ ಇಲ್ಲ. ಸುಮ್ನೆ ಕೂತು ಮತ್ತೆ ಮತ್ತೆ ಉಗುಳು ನುಂಗುತ್ತಿದ್ದ, ಗಲ್ಲದಿಂದ ಜೊಲ್ಲು ಇಳಿದು ಅಂಗಿಯ ಎದೆಭಾಗ ಒದ್ದೆಯಾಗಿತ್ತು.

ಬಾಳೆಹಣ್ಣು ತಿನ್ನಿಸಿ, ಜಾರಿಕೊಂಡು ಹೋಗುತ್ತೆ ಅಂದರು ಅಜ್ಜಿ. ಗಂಟಲಿಗೆ ಬೆರಳು ಹಾಕಿ ವಾಂತಿ ಮಾಡಿಸಿ ಅಂದರು ಪಕ್ಕದ ಮನೆಯವರು. ಇಬ್ಬರೂ ಕಾಳಜಿಯಿಂದಲೇ ಹೇಳಿದ್ದು. ಆದರೆ ಆ ಹೊತ್ತಿನಲ್ಲಿ ಎರಡೂ ಮಾಡಬಾರದ್ದು. ವಾಂತಿ ಮಾಡಿಸಿದರೆ ವಸ್ತು ಮೇಲೆ ಬರುವಾಗ ಶ್ವಾಸನಾಳಕ್ಕೆ ಹೋಗಬಹುದು. ಹೊಟ್ಟೆ ತುಂಬಿದ್ದರೆ, ಎಂಡೋಸ್ಕೋಪಿ ಮಾಡಿ, ಅಂದರೆ ಬಾಯಿಂದ ಕ್ಯಾಮೆರಾ ಇರುವ ಕೊಳವೆ ಇಳಿಸಿ, ತೆಗೆಯಬೇಕಾಗಿ ಬಂದಾಗ ಅರಿವಳಿಕೆ ಕೊಡುವುದೇ ಕಷ್ಟ.

ಮೊದಲು ಉಸಿರು ನೋಡಿ

ಮಗು ಜೋರಾಗಿ ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಿ. ಅಳು ಬರುತ್ತಿಲ್ಲ, ಕೆಮ್ಮಲು ಆಗುತ್ತಿಲ್ಲ, ತುಟಿ ನೀಲಿಯಾಗುತ್ತಿದೆ ಅಂದರೆ ಉಸಿರಿನ ದಾರಿ ಮುಚ್ಚಿದೆ, ಆಸ್ಪತ್ರೆ ತಲುಪುವವರೆಗೆ ಕಾಯುವಂತಿಲ್ಲ. ಒಬ್ಬರು 108ಕ್ಕೆ ಫೋನ್ ಮಾಡಲಿ, ಇನ್ನೊಬ್ಬರು ಮಗುವನ್ನು ಮುಂದಕ್ಕೆ ಬಾಗಿಸಿ ಎರಡು ಭುಜದ ಮೂಳೆಗಳ ನಡುವೆ ಅಂಗೈಯ ಬುಡದಿಂದ 5 ಸಲ ಹೊಡೆಯಲಿ. ಹೊರಗೆ ಬರದಿದ್ದರೆ ಹಿಂದಿನಿಂದ ತಬ್ಬಿ, ಹೊಕ್ಕುಳಿನ ಮೇಲ್ಭಾಗದಲ್ಲಿ ಮುಷ್ಟಿ ಇಟ್ಟು 5 ಸಲ ಒಳಕ್ಕೂ ಮೇಲಕ್ಕೂ ಒತ್ತಬೇಕು. ವರ್ಷ ತುಂಬದ ಕೂಸಿಗೆ ಹೊಟ್ಟೆ ಒತ್ತಬಾರದು. ತೋಳಿನ ಮೇಲೆ ತಲೆ ತಗ್ಗಿರುವಂತೆ ಬೋರಲು ಮಲಗಿಸಿ ಬೆನ್ನಿಗೆ 5 ಏಟು, ಆಮೇಲೆ ತಿರುಗಿಸಿ ಎದೆಯ ನಡುವೆ ಒಂದು ಅಂಗೈಯ ಬುಡದಿಂದ 5 ಸಲ ಒತ್ತಬೇಕು. ವಸ್ತು ಹೊರಬರುವವರೆಗೆ ಹೀಗೇ ಮುಂದುವರಿಸಿ. ಕಣ್ಣಿಗೆ ಕಾಣದ ವಸ್ತುವಿಗೆ ಬಾಯೊಳಗೆ ಬೆರಳು ಹಾಕಿ ಹುಡುಕಬೇಡಿ, ಇನ್ನೂ ಒಳಕ್ಕೆ ಹೋಗುತ್ತದೆ.

ಉಸಿರು ಸರಿಯಿದೆ ಅಂದರೆ, ನುಂಗಿದ್ದು ಏನು?

ಮನೆಯಲ್ಲಿ ಏನು ಕಾಣೆಯಾಗಿದೆ ನೋಡಿ. ಅದರ ಜೋಡಿ ಇದ್ದರೆ ಆಸ್ಪತ್ರೆಗೆ ಜೊತೆಯಲ್ಲೇ ಒಯ್ಯಿರಿ. ನಮ್ಮವರು ಉಳಿದ ನಾಣ್ಯವನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಹೋಗಿದ್ದರು, ವೈದ್ಯರಿಗೆ ಅದರಿಂದ ಅನುಕೂಲವೇ ಆಯಿತು.

ನಾನು ಜಾಸ್ತಿ ಹೆದರುವುದು ಬಟನ್ ಸೆಲ್‌ಗೆ. 2032 ಅಂತ ಬರೆದಿರುವ ಸೆಲ್ ನೋಡಿದ್ದೀರಲ್ವಾ? 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ. ಒಂದು ರೂಪಾಯಿ ನಾಣ್ಯದ ಪಕ್ಕ ಇಟ್ಟರೆ ಹೆಚ್ಚುಕಮ್ಮಿ ಅದೇ ಅಳತೆ. ಕಾರಿನ ಕೀಲಿ, ಸಣ್ಣ ರಿಮೋಟ್, ಹಾಡುವ ಆಟಿಕೆ, ದೀಪಾವಳಿಗೆ ತರುವ ಎಲ್‌ಇಡಿ ದೀಪ, ಎಲ್ಲೆಲ್ಲೂ ಇಂಥ ಸೆಲ್‌ಗಳೇ. ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಒಳಗಿನ ತೇವದ ಮೂಲಕ ಕರೆಂಟ್ ಹರಿದು ಅಲ್ಲೇ ತೀಕ್ಷ್ಣವಾದ ಕ್ಷಾರ ಹುಟ್ಟುತ್ತದೆ, ಮಾಂಸ ಸುಡುತ್ತದೆ. 2 ಗಂಟೆ ಸಾಕು. ರಿಮೋಟ್ ನಡೆಸಲಾಗದ ಹಳೇ ಸೆಲ್‌ನಲ್ಲೂ ಸುಡುವಷ್ಟು ಶಕ್ತಿ ಉಳಿದಿರುತ್ತದೆ.

ಹಾಗಾಗಿ ದುಂಡಗಿನದ್ದೇನೋ ನುಂಗಿದೆ, ಏನು ಅಂತ ಗೊತ್ತಿಲ್ಲ ಅಂದರೆ ಎಕ್ಸ್‌ರೇ ಆಗುವವರೆಗೆ ಅದನ್ನು ಸೆಲ್ ಅಂತಲೇ ತಿಳಿಯಿರಿ. ಎಂಡೋಸ್ಕೋಪಿ ಇರುವ ದೊಡ್ಡ ಆಸ್ಪತ್ರೆಗೇ ನೇರ ಹೋಗಿ. ಸೆಲ್ ನುಂಗಿದ್ದು ಖಚಿತ, ನುಂಗಿ 12 ಗಂಟೆ ಆಗಿಲ್ಲ, ಮಗುವಿಗೆ ವರ್ಷ ದಾಟಿದೆ, ನುಂಗಲು ಆಗುತ್ತಿದೆ ಅಂದರೆ ದಾರಿಯಲ್ಲಿ 10 ನಿಮಿಷಕ್ಕೊಮ್ಮೆ ಎರಡು ಟೀ ಚಮಚ ಜೇನುತುಪ್ಪ ಕೊಡಬಹುದು, 6 ಸಲಕ್ಕಿಂತ ಹೆಚ್ಚಿಲ್ಲ. ಸುಡುವುದು ಸ್ವಲ್ಪ ನಿಧಾನವಾಗುತ್ತದೆ, ಅಷ್ಟೇ. ಜೇನು ಹುಡುಕುತ್ತಾ ಮನೆಯಲ್ಲಿ ನಿಲ್ಲಬೇಡಿ. ಒಂದು ವರ್ಷದೊಳಗಿನ ಕೂಸಿಗೆ ಜೇನು ಬೇಡವೇ ಬೇಡ. ಇದೊಂದು ಬಿಟ್ಟು ವೈದ್ಯರು ನೋಡುವವರೆಗೆ ಊಟ, ನೀರು ಏನೂ ಕೊಡಬೇಡಿ.

ಅದೇ ದಿನ, ಕೂಡಲೇ ಓಡಬೇಕಾದ ಇನ್ನೆರಡು ಇವೆ. ಒಂದು, ಅಯಸ್ಕಾಂತ. ಒಂದಕ್ಕಿಂತ ಹೆಚ್ಚು ನುಂಗಿದರೆ ಕರುಳಿನ ಎರಡು ಮಡಿಕೆಗಳ ಆಚೆ ಈಚೆ ಕೂತು ಒಂದನ್ನೊಂದು ಎಳೆಯುತ್ತವೆ, ನಡುವೆ ಸಿಕ್ಕ ಕರುಳು ತೂತಾಗುತ್ತದೆ. ಮಗು ಆಡಿಕೊಂಡಿದೆ ಅಂತ ನಂಬಿ ಕೂರಬೇಡಿ. ಇನ್ನೊಂದು, ಚೂಪಾದದ್ದು. ಸೇಫ್ಟಿ ಪಿನ್, ಗುಂಡುಸೂಜಿ, ಮೊಳೆ. ಇದು ದೊಡ್ಡವರಿಗೂ ಹೇಳುವ ಮಾತು, ಸೀರೆ ಉಡುವಾಗ ಪಿನ್ನನ್ನು ಹಲ್ಲಲ್ಲಿ ಕಚ್ಚಿಕೊಂಡು ಮಾತಾಡುವುದು ನಮ್ಮ ಎಷ್ಟೋ ಮನೆಗಳಲ್ಲಿದೆ.

ನಾಣ್ಯ, ಮಣಿ, ಗುಂಡಿ ಆದರೆ

ಇಲ್ಲಿ ಸಮಾಧಾನದ ಸುದ್ದಿ. ನುಂಗಿದ ವಸ್ತುಗಳಲ್ಲಿ ಹೆಚ್ಚಿನವು, ನೂರಕ್ಕೆ 80ರಿಂದ 90, ತಾವಾಗಿಯೇ ಹೊರಗೆ ಹೋಗುತ್ತವೆ. ಆದರೂ ನಾಣ್ಯ ಎಲ್ಲಿದೆ ಅಂತ ಒಂದು ಎಕ್ಸ್‌ರೇ ಬೇಕು. ಪ್ಲಾಸ್ಟಿಕ್, ಮರದ ಚೂರು ಎಕ್ಸ್‌ರೇಯಲ್ಲಿ ಕಾಣುವುದಿಲ್ಲ, ಅದಕ್ಕೇ ನೀವು ಕಂಡದ್ದನ್ನು ಸರಿಯಾಗಿ ಹೇಳುವುದು ಮುಖ್ಯ. ನಮ್ಮ ಹುಡುಗನ ಎಕ್ಸ್‌ರೇಯಲ್ಲಿ ಬೆಳ್ಳಗೆ ಒಂದು ದುಂಡು. ವೈದ್ಯರು ಅದರ ಅಂಚನ್ನು ಪೆನ್ನಿನಿಂದ ತೋರಿಸಿದರು: ಅಂಚು ಒಂದೇ ಇದೆ, ಸೆಲ್ ಆಗಿದ್ದರೆ ಒಳಗೆ ಇನ್ನೊಂದು ಬಳೆ ಕಾಣುತ್ತಿತ್ತು. ಅಷ್ಟು ಹೊತ್ತಿಗೆ ನಾಣ್ಯ ಹೊಟ್ಟೆಗೆ ಇಳಿದಿತ್ತು, ಜೊಲ್ಲೂ ನಿಂತಿತ್ತು. ಅನ್ನನಾಳದಲ್ಲೇ ನಿಂತಿದ್ದರೆ ತೆಗೆಯಬೇಕಾಗುತ್ತಿತ್ತು, 24 ಗಂಟೆ ಮೀರಿ ಅಲ್ಲಿ ಬಿಡುವುದಿಲ್ಲ.

ಹೊಟ್ಟೆಗೆ ಇಳಿದ ಮೇಲೆ ಎಂದಿನ ಊಟ ಕೊಡಿ, ಭೇದಿ ಮಾತ್ರೆ ಬೇಡ. ಮಲವನ್ನು ದಿನಾ ನೋಡಬೇಕು. ಮಗುವನ್ನು ಮಕ್ಕಳ ಪಾಟ್ ಮೇಲೆ ಕೂರಿಸಿ, ಮಲವನ್ನು ಹಳೇ ಜರಡಿಗೆ ಹಾಕಿ ನೀರು ಬಿಟ್ಟರೆ ಗೊತ್ತಾಗುತ್ತದೆ. ತಂಗಿ ನಾಲ್ಕು ದಿನ ಮಾಡಿದಳು, ಐದನೇ ದಿನ ಬೆಳಿಗ್ಗೆ ಜರಡಿಯಲ್ಲಿ ಟಣ್ ಅಂತು. ನಾಣ್ಯ ಕಪ್ಪಾಗಿತ್ತು. ಕೆಲವರಿಗೆ ಇನ್ನೂ ಎರಡು ಮೂರು ವಾರ ಹಿಡಿಯುತ್ತದೆ, ನಡುವೆ ವೈದ್ಯರು ಕರೆದಾಗ ಮತ್ತೆ ತೋರಿಸಬೇಕು.

ಕಾಯುವಾಗ ಹೊಟ್ಟೆನೋವು, ಮತ್ತೆ ಮತ್ತೆ ವಾಂತಿ, ಜ್ವರ, ಹೊಟ್ಟೆ ಉಬ್ಬರ, ಮಲದಲ್ಲಿ ರಕ್ತ ಅಥವಾ ಟಾರಿನಂತೆ ಕಪ್ಪು ಮಲ, ಊಟ ಬೇಡವೆನ್ನುವುದು, ಇವುಗಳಲ್ಲಿ ಒಂದು ಕಂಡರೂ ಅದು ರಾತ್ರಿಯೇ ಆಗಿರಲಿ, ಹೊರಡಿ. ನಿಲ್ಲದ ಕೆಮ್ಮು, ಉಸಿರಾಡುವಾಗ ಸುಂಯ್ ಅನ್ನುವ ಸದ್ದು ಇದ್ದರೆ ವಸ್ತು ಹೊಟ್ಟೆಗಲ್ಲ, ಶ್ವಾಸನಾಳಕ್ಕೆ ಹೋಗಿರಬಹುದು.

ಇವತ್ತೇ ಮಾಡಬಹುದಾದದ್ದು ಒಂದಿದೆ. ಮನೆಯ ರಿಮೋಟ್, ಆಟಿಕೆಗಳ ಸೆಲ್ ಮುಚ್ಚಳಗಳನ್ನು ಉಗುರಿನಿಂದ ಎಬ್ಬಿಸಿ ನೋಡಿ. ಸ್ಕ್ರೂ ಇಲ್ಲದೆ ತೆರೆದುಕೊಳ್ಳುವುದನ್ನೆಲ್ಲ ಟೇಪಿನಿಂದ ಬಿಗಿಯಾಗಿ ಸುತ್ತಿ, ಇಲ್ಲವೇ ಮೇಲಿನ ಕಪಾಟಿಗೆ ಸೇರಿಸಿ. ಮುಗಿದ ಸೆಲ್ ಹೊರತೆಗೆದ ತಕ್ಷಣ ಎರಡೂ ಬದಿಗೆ ಟೇಪ್ ಅಂಟಿಸಿ, ಮೇಜಿನ ಮೇಲೆ ಒಂದು ಕ್ಷಣವೂ ಇಡದೆ ವಿಲೇವಾರಿ ಮಾಡಿ.