ಇಬ್ಬನಿಯನ್ನು ಧೂಳಿನ ಲೆಕ್ಕಕ್ಕೆ ಸೇರಿಸದ ಮೀಟರ್: ನನ್ನ ಅನುಭವ

ಡಿಸೆಂಬರಿನ ಬೆಳಿಗ್ಗೆ 6 ಗಂಟೆಗೆ ತುಮಕೂರಿನ ಬಟವಾಡಿಯ ನಮ್ಮ ತಾರಸಿ ಮೇಲಿನ ಸೆನ್ಸರ್ ಪಿಎಂ 2.5, ಅಂದರೆ ಗಾಳಿಯಲ್ಲಿನ ಅತಿ ಸಣ್ಣ ಧೂಳು, ಘನ ಮೀಟರಿಗೆ ಸುಮಾರು 140 ಮೈಕ್ರೊಗ್ರಾಂ ಅಂತ ತೋರಿಸುತ್ತಿತ್ತು. 10 ಗಂಟೆಗೆ ಬಿ.ಎಚ್. ರಸ್ತೆ ತುಂಬಾ ಬಸ್ಸು ಲಾರಿ, ಆಗ ನೋಡಿದರೆ 45! ಬಿಸಿಲೇರಿದರೆ ಗಾಳಿ ಮೇಲಕ್ಕೂ ಹರಡಿ ಸ್ವಲ್ಪ ಇಳಿಯುವುದು ನಿಜ, ಆದರೆ ಇಷ್ಟೊಂದಾ? ಕಣಗಳು ತೇವ ಕುಡಿದು ಊದಿಕೊಂಡಿವೆ, ಕಣಗಳನ್ನು ಬೆಳಕಿನಿಂದ ಅಳೆಯುವ ಸೆನ್ಸರಿನ ಲೇಸರ್ ನೀರನ್ನೂ ಧೂಳು ಅಂತ ಎಣಿಸಿದೆ.

ಎಲ್ಲರೂ ಹೇಳಿದ್ದು ಒಂದೇ: ಸುಮ್ನೆ ಒಂದು ಸೂತ್ರ ಹಾಕು, ತೇವಾಂಶ ನೋಡಿ ಭಾಗಿಸು. ಒಂದು ಚಳಿಗಾಲ ಪೂರ್ತಿ ಹಾಗೇ ಮಾಡಿದೆ. ಆಗಲಿಲ್ಲ. ರಸ್ತೆಯ ಮಣ್ಣು ಧೂಳು ನೀರು ಕುಡಿಯುವುದೇ ಕಡಿಮೆ, ಸಲ್ಫೇಟು ನೈಟ್ರೇಟು ಅನ್ನುವ ಲವಣದ ಕಣಗಳು ಚೆನ್ನಾಗಿ ಕುಡಿಯುತ್ತವೆ, ಯಾವ ದಿನ ಯಾವುದು ಎಷ್ಟಿದೆ ಅಂತ ಸೂತ್ರಕ್ಕೆ ಹೇಗೆ ಗೊತ್ತಾಗಬೇಕು? ಇನ್ನೊಂದು ಕಾಟ ಇದೆ. ಒಣಗಿದ ಅಮೋನಿಯಂ ಸಲ್ಫೇಟ್ ಕರಗುವುದು ತೇವಾಂಶ 80 ಶೇಕಡಾ ಹತ್ತಿರ ಬಂದಾಗ, ಆದರೆ ಒಮ್ಮೆ ಕರಗಿದ್ದು ಮತ್ತೆ ಪೂರ್ತಿ ಒಣಗಬೇಕಾದರೆ 35ರ ಆಸುಪಾಸಿಗೆ ಇಳಿಯಬೇಕು. ಅಂದರೆ ತೇವಾಂಶ ರಾತ್ರಿ ಏರುವಾಗಿನ 60 ಬೇರೆ, ಬೆಳಿಗ್ಗೆ ಇಳಿಯುವಾಗಿನ 60 ಬೇರೆ. ನಗರದ ಗಾಳಿಯಲ್ಲಿ ಎಲ್ಲವೂ ಕಲಸಿಹೋಗಿರುವುದರಿಂದ ಇಷ್ಟು ಚೊಕ್ಕವಾಗಿ ಕಾಣುವುದಿಲ್ಲ, ಆದರೂ ನನ್ನ ಗ್ರಾಫಿನಲ್ಲಿ ಆ ವ್ಯತ್ಯಾಸ ಎದ್ದು ಕಾಣುತ್ತಿತ್ತು.

ಆಮೇಲೆ ತೇವ ಹೀರುವ ಹರಳು, ಸಿಲಿಕಾ ಜೆಲ್. ಪಿವಿಸಿ ಪೈಪು, ಒಳಗೆ ಜಾಲರಿ, ಸುತ್ತ ಜೆಲ್, ಎಲ್ಲ ಸೇರಿ 900 ರೂಪಾಯಿ ಆಗಿರಬೇಕು. ಎರಡೇ ದಿನಕ್ಕೆ ನೀಲಿ ಹರಳು ಗುಲಾಬಿಯಾಗುತ್ತಿತ್ತು, ಬಾಣಲೆಯಲ್ಲಿ ಹುರಿದು ಹುರಿದು ಸಾಕಾಯಿತು. ಪೈಪಿನ ತಿರುವಿನಲ್ಲಿ ದಪ್ಪ ಧೂಳು ಬೇರೆ ಅಂಟಿಕೊಳ್ಳುತ್ತಿತ್ತು.

ಕೊನೆಗೆ ಸೆನ್ಸರಿಗೆ ಗಾಳಿ ಹೋಗುವ ತಾಮ್ರದ ಕೊಳವೆಗೆ, ಕರೆಂಟು ಹರಿದರೆ ಕಾಯುವ ನೈಕ್ರೋಮ್ ತಂತಿ ಸುತ್ತಿದೆ. ಮೊದಲು ದುರಾಸೆಯಿಂದ 60 ಡಿಗ್ರಿವರೆಗೆ ಕಾಯಿಸಿದೆ. ನೀರಿನ ಜೊತೆ ಅಮೋನಿಯಂ ನೈಟ್ರೇಟೂ ಆವಿಯಾಗಿ ಹೋಯಿತು, ರೀಡಿಂಗ್ ನಿಜಕ್ಕಿಂತ ಕೆಳಗೆ ಬಂತು. ಒಂದು ಸೆನ್ಸರೂ ಹೋಯಿತು, 1,800 ರೂಪಾಯಿ. ಆ ರಾತ್ರಿ ನಿಜವಾಗಲೂ ಕೈಬಿಡೋಣ ಅನಿಸಿತ್ತು.

ಗೆದ್ದಿದ್ದು ಹದದಿಂದ. ಗಾಳಿಯನ್ನು ಬರೀ 10 ಡಿಗ್ರಿ ಬೆಚ್ಚಗೆ ಮಾಡಿದರೆ ತೇವಾಂಶ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ, 90 ಇದ್ದದ್ದು 50ರ ಹತ್ತಿರ ಬರುತ್ತದೆ. ಅಷ್ಟು ಸಾಕು. ತೇವಾಂಶ 60 ದಾಟಿದಾಗ ಮಾತ್ರ ಹೀಟರ್ ಹೊತ್ತಿಕೊಳ್ಳುತ್ತದೆ, 4 ವಾಟ್ ಎಳೆಯುತ್ತದೆ. ತಂತಿ ಎಷ್ಟು ಸುತ್ತು, ಎರಡನೇ ತೇವಾಂಶ ಸೆನ್ಸರ್ ಎಲ್ಲಿ ಕೂತಿದೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಅದಕ್ಕೇ ಎಂಟು ತಿಂಗಳು ಹಿಡಿದಿದೆ.

ಮಧ್ಯೆ ಒಂದು ಹುಚ್ಚು. ಗಾಜಿನ ಡಬ್ಬಿಯೊಳಗೆ ಉಪ್ಪುನೀರಿನ ಮಂಜು ಬಿಟ್ಟು, ಪೂರ್ತಿ ಒಣಗಿಸಿ, ಮತ್ತೆ ತೇವ ಏರಿಸಿದೆ. ತೇವಾಂಶ 75ರ ಹತ್ತಿರ ಬಂದಾಗ ಉಪ್ಪು ಕರಗಿ ರೀಡಿಂಗ್ ಒಮ್ಮೆಲೇ ಜಿಗಿಯಿತು! ಊದುಬತ್ತಿ ಹೊಗೆಗೆ ಅಂಥ ಜಿಗಿತವೇ ಇಲ್ಲ. ಇನ್ನೊಂದು ದಿನ ಎರಡೂ ಸೆನ್ಸರ್ ಹೊತ್ತುಕೊಂಡು ಮಂಜು ಕವಿದಿದ್ದಾಗ ದೇವರಾಯನದುರ್ಗ ಬೆಟ್ಟ ಹತ್ತಿದೆ. ಹೀಟರ್ ಇಲ್ಲದ್ದು 400 ದಾಟಿತು, ನನ್ನದು 20ರ ಒಳಗೇ ನಿಂತಿತ್ತು.

ಇದು ಆಟಿಕೆ ಅಂದಿದ್ದ ಮೇಷ್ಟ್ರೊಬ್ಬರಿದ್ದಾರೆ. ಗೆಳೆಯನ ಲ್ಯಾಬಿನಿಂದ, ಗಾಳಿ ಎಳೆದು ಧೂಳನ್ನು ಫಿಲ್ಟರಿನಲ್ಲಿ ಹಿಡಿಯುವ ಯಂತ್ರ ತಂದು ಐದು ದಿನ, ದಿನಕ್ಕೆ 24 ಗಂಟೆ ಓಡಿಸಿ, ತೂಕ ಹಾಕಿಸಿದೆ. ಸೂತ್ರದ ಲೆಕ್ಕ ಒಂದು ದಿನ 71 ಅಂದಿತ್ತು, ಅಂದರೆ ನಮ್ಮ ದೇಶದ 24 ಗಂಟೆಯ ಮಿತಿ 60 ದಾಟಿದಂತೆ. ಫಿಲ್ಟರ್ ತೂಕ 48, ನನ್ನದು 51. ಐದೂ ದಿನ ವ್ಯತ್ಯಾಸ 10 ಶೇಕಡಾ ಒಳಗೇ ಇತ್ತು. ಮೇಷ್ಟ್ರು ತಾರಸಿಗೆ ಬಂದು ಅರ್ಧ ಗಂಟೆ ನಿಂತು ನೋಡಿದರು, ಆಮೇಲೆ "ನಮ್ಮನೆಗೂ ಒಂದು ಮಾಡಿಕೊಡಪ್ಪ" ಅಂದರು. ಅವರದಕ್ಕೆ ಮೊನ್ನೆ ಕೊಳವೆ ಕತ್ತರಿಸಿಟ್ಟಿದ್ದೇನೆ.