ದಕ್ಷಿಣಕ್ಕೊಂದು ದರ, ಉತ್ತರಕ್ಕೊಂದು ದರ: ಕರೆಂಟ್ ಮಾರುಕಟ್ಟೆಯ ಲೆಕ್ಕ ಓದುವುದು ಹೇಗೆ?

2008ರಲ್ಲಿ ಶುರುವಾದ ಇಂಡಿಯನ್ ಎನರ್ಜಿ ಎಕ್ಸ್‌ಚೇಂಜ್‌ನಲ್ಲಿ ನಾಳೆಯ ಕರೆಂಟು ಇವತ್ತೇ ಮಾರಾಟವಾಗುತ್ತದೆ. ದರ ಅದರ ವೆಬ್‌ಸೈಟಿನಲ್ಲೇ ಇರುತ್ತದೆ, ಯಾರು ಬೇಕಾದರೂ ನೋಡಬಹುದು. ದೇಶದ ಯಾವ ಭಾಗಕ್ಕೆ ಕರೆಂಟ್ ತರುವ ಲೈನ್ ಸಾಲುತ್ತಿಲ್ಲ ಅನ್ನೋದು ಆ ದರದಲ್ಲೇ ಗೊತ್ತಾಗುತ್ತದೆ.

ಮೊದಲು 'ಡೇ ಅಹೆಡ್ ಮಾರ್ಕೆಟ್' ಪುಟ ತೆರೆಯಿರಿ. ಅಲ್ಲಿ ಒಂದು ದಿನ ಅಂದರೆ 15 ನಿಮಿಷಗಳ 96 ಬ್ಲಾಕ್‌. 73ನೇ ಬ್ಲಾಕ್ ಸಂಜೆ 6ಕ್ಕೆ ಶುರು, ಮನೆಮನೆಯಲ್ಲೂ ಲೈಟ್ ಹಾಕುವ ಹೊತ್ತು. ದರ ಸಾವಿರಗಳಲ್ಲಿದೆ ಎಂದು ಗಾಬರಿಯಾಗಬೇಡಿ, ಅದು 1,000 ಯೂನಿಟ್‌ನ ದರ, 1,000ದಿಂದ ಭಾಗಿಸಿ. 4,350 ಅಂದರೆ ಯೂನಿಟ್‌ಗೆ 4 ರೂಪಾಯಿ 35 ಪೈಸೆ.

ಆಮೇಲೆ ಪ್ರದೇಶವಾರು ದರ ನೋಡಿ. ಕರ್ನಾಟಕ ಇರುವುದು ಎಸ್1 ಎಂಬ ಪ್ರದೇಶದಲ್ಲಿ, ತಮಿಳುನಾಡು ಎಸ್2, ಕೇರಳ ಎಸ್3. ಎಲ್ಲ ಕಡೆ ಒಂದೇ ದರ ಇದ್ದರೆ ಲೈನ್‌ಗಳಲ್ಲಿ ದಟ್ಟಣೆ ಇಲ್ಲ. ಅಲ್ಲಿಗೆ ಕೆಲಸ ಮುಗಿಯಿತು.

ದರ ಬೇರೆ ಬೇರೆ ಇದ್ದರೆ ನಿಧಾನವಾಗಿ ನೋಡಬೇಕು. ಎಕ್ಸ್‌ಚೇಂಜ್ ಮೊದಲು ಇಡೀ ದೇಶಕ್ಕೆ ಒಂದೇ ದರ ಲೆಕ್ಕ ಹಾಕುತ್ತದೆ. ಉದಾಹರಣೆಗೆ, 4 ರೂಪಾಯಿ ಬಂತು ಅಂದುಕೊಳ್ಳಿ. ಆ ದರದಲ್ಲಿ ದಕ್ಷಿಣಕ್ಕೆ 2,600 ಮೆಗಾವಾಟ್ ಹರಿಯಬೇಕು, ಆದರೆ ಲೈನ್ ತಾಳುವುದು 2,000 ಮಾತ್ರ. ಆಗ ಮಾರುಕಟ್ಟೆಯನ್ನೇ ಎರಡು ಭಾಗ ಮಾಡುತ್ತಾರೆ. ಲೈನ್ ತುಂಬುವಷ್ಟು ಕಳಿಸಿ, ಉಳಿದದ್ದನ್ನು ಆಯಾ ಕಡೆಯೇ ಹೊಂದಿಸುತ್ತಾರೆ. ಉತ್ತರದಲ್ಲಿ ಕರೆಂಟ್ ಮಿಕ್ಕು ದರ 3.50ಕ್ಕೆ ಇಳಿಯುತ್ತದೆ. ದಕ್ಷಿಣದಲ್ಲಿ ದುಬಾರಿ ಸ್ಥಾವರಗಳಿಂದ ಕೊಳ್ಳಬೇಕಾಗಿ ಬಂದು 6ಕ್ಕೆ ಏರುತ್ತದೆ. ಯೂನಿಟ್‌ಗೆ 2.50 ವ್ಯತ್ಯಾಸ. 2,000 ಮೆಗಾವಾಟ್ 15 ನಿಮಿಷ ಹರಿದರೆ 5 ಲಕ್ಷ ಯೂನಿಟ್, ಅಂದರೆ ಒಂದೇ ಬ್ಲಾಕ್‌ಗೆ 12.5 ಲಕ್ಷ ರೂಪಾಯಿ! ಈ ದುಡ್ಡು ಮಾರುವವರಿಗೂ ಇಲ್ಲ, ಕೊಳ್ಳುವವರಿಗೂ ಇಲ್ಲ. ವಿದ್ಯುತ್ ವ್ಯವಸ್ಥೆ ಅಭಿವೃದ್ಧಿ ನಿಧಿಗೆ ಹೋಗುತ್ತದೆ. ಅದನ್ನು ದಟ್ಟಣೆ ಕಡಿಮೆ ಮಾಡುವ ಲೈನ್‌ಗಳಿಗೆ ಬಳಸುವುದೇ ನ್ಯಾಯ, ಅಲ್ವಾ?

ದಕ್ಷಿಣ ಭಾರತ ಇದನ್ನು ವರ್ಷಗಟ್ಟಲೆ ಅನುಭವಿಸಿದೆ. ಒಡಿಶಾದಿಂದ ಬರುವ ತಾಲ್ಚೇರ್–ಕೋಲಾರ ಲೈನ್‌ನಂಥ ಕೆಲವೇ ಕೊಂಡಿಗಳಿದ್ದವು, ಬೇರೆಡೆ ಅಗ್ಗದ ಕರೆಂಟ್ ಇದ್ದರೂ ಬೇಕಾದಷ್ಟು ಇಲ್ಲಿಗೆ ಬರುತ್ತಿರಲಿಲ್ಲ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ 765 ಕಿಲೋವೋಲ್ಟ್ ಲೈನ್ ಚಾಲೂ ಆಗಿ ಇಡೀ ದೇಶ ಒಂದೇ ಗ್ರಿಡ್ ಆಯಿತು. ಮುಂದೆ ಇನ್ನಷ್ಟು ಲೈನ್‌ ಬಂದ ಮೇಲೆ ದರದ ಅಂತರ ಕರಗಿತು. ಒಳ್ಳೆಯ ಲೈನ್ ಒಂದು ವಿದ್ಯುತ್ ಸ್ಥಾವರಕ್ಕೆ ಸಮ ಎಂದು ನಾನು ನಂಬುವುದು ಇದಕ್ಕೇ.

ಮನೆಯ ಬಿಲ್ ದರ ಬ್ಲಾಕ್‌ಗೊಮ್ಮೆ ಬದಲಾಗುವುದಿಲ್ಲ. ಆದರೆ ಎಸ್ಕಾಂಗಳು ದುಬಾರಿಗೆ ಕೊಂಡರೆ ಅದರ ಬಿಸಿ ನಿಮಗೂ ತಟ್ಟಬಹುದು. ಬಿಲ್ಲಿನಲ್ಲಿ 'ಎಫ್‌ಪಿಪಿಸಿಎ' (ಇಂಧನ ಮತ್ತು ವಿದ್ಯುತ್ ಖರೀದಿ ವೆಚ್ಚದ ಹೊಂದಾಣಿಕೆ) ಎಂಬ ಸಾಲನ್ನು ಹುಡುಕಿ ನೋಡಿ.