ಮಿನುಗುವ ದೀಪಕ್ಕೆ ಚಿಪ್ ಒಗ್ಗಿಕೊಂಡ ಬಗೆ

ಕೈಸನ್ನೆ ಗುರುತಿಸುವ ಪುಟ್ಟ ಯಂತ್ರವೊಂದನ್ನು ಕಟ್ಟಲು ಹೊರಟಾಗ ನಾನು ಆರಿಸಿಕೊಂಡದ್ದು ಈವೆಂಟ್ ಕ್ಯಾಮೆರಾ ಮತ್ತು ಮೆದುಳಿನ ನರಕೋಶಗಳ (ನ್ಯೂರಾನುಗಳ) ಮಾದರಿಯಲ್ಲಿ ಕೆಲಸ ಮಾಡುವ ನ್ಯೂರೋಮಾರ್ಫಿಕ್ ಚಿಪ್ ಇರುವ ಬೋರ್ಡನ್ನು. ಈ ಕ್ಯಾಮೆರಾ ಇಡೀ ಚಿತ್ರವನ್ನು ತೆಗೆಯುವುದಿಲ್ಲ. ಅದರ ಪ್ರತಿ ಪಿಕ್ಸೆಲ್ಲೂ ತನ್ನ ಮೇಲೆ ಬೀಳುವ ಬೆಳಕು ಒಂದು ಮಿತಿಯನ್ನು ಮೀರಿ ಬದಲಾದಾಗ ಮಾತ್ರ, ಮೈಕ್ರೋಸೆಕೆಂಡಿನ ಲೆಕ್ಕದ ಸಮಯದ ಗುರುತಿನೊಂದಿಗೆ ಒಂದು ಸಂಕೇತ ಕಳುಹಿಸುತ್ತದೆ. ಚಿಪ್ಪಿನೊಳಗಿನ ನ್ಯೂರಾನುಗಳದೂ ಅದೇ ರೀತಿ: ಸಂಕೇತ ಬಂದರೆ ಕೆಲಸ, ಇಲ್ಲದಿದ್ದರೆ ಮೌನ. ಐಬಿಎಂ 2014ರಲ್ಲಿ ಪ್ರಕಟಿಸಿದ ಇಂಥದೇ ಚಿಪ್ ಟ್ರೂನಾರ್ತ್ 10 ಲಕ್ಷ ನ್ಯೂರಾನುಗಳನ್ನು ಸುಮಾರು 70 ಮಿಲಿವ್ಯಾಟ್‌ನಲ್ಲಿ ನಡೆಸಲು ಸಾಧ್ಯವಾದದ್ದರಲ್ಲಿ ಈ ಮೌನದ ಪಾಲು ದೊಡ್ಡದು.

ಇದೆಲ್ಲ ಗೊತ್ತಿದ್ದೂ ನಾನು ಮೊದಲು ಮಾಡಿದ್ದು, ಸಂಕೇತಗಳನ್ನು 30 ಮಿಲಿಸೆಕೆಂಡಿಗೊಮ್ಮೆ ಒಟ್ಟುಗೂಡಿಸಿ ಮತ್ತೆ ಚಿತ್ರವಾಗಿಸುವ ಕೆಲಸವನ್ನೇ. ಹಳೆಯ ಅಭ್ಯಾಸ ಬಿಡಲಿಲ್ಲ. ಹಣ ಕೊಟ್ಟು ಕೊಂಡ ಸಮಯದ ಸೂಕ್ಷ್ಮತೆಯನ್ನು ಕೈಯಾರೆ ಚೆಲ್ಲಿದೆ.

ಸಂಕೇತಗಳನ್ನು ಬಂದಂತೆಯೇ ಚಿಪ್ಪಿಗೆ ಹರಿಸಿದ ಮೇಲೆ ನಿಜವಾದ ತೊಂದರೆ ಕಾಣಿಸಿತು. ಕ್ಯಾಮೆರಾದ ಮುಂದೆ ಯಾರೂ ಇಲ್ಲದಿದ್ದರೂ ಒಂದು ಮೂಲೆಯ ನ್ಯೂರಾನುಗಳು ಬಿಡದೆ ಮಿಡಿಯುತ್ತಿದ್ದವು, ಅಂದರೆ ತಾವೂ ಸಂಕೇತ ಹೊರಡಿಸುತ್ತಿದ್ದವು. ಮಿಡಿತಗಳ ಸಮಯವನ್ನು ಸಾಲಾಗಿ ಬರೆದು ನೋಡಿದಾಗ ಅವುಗಳ ನಡುವೆ ಸರಿಯಾಗಿ 10 ಮಿಲಿಸೆಕೆಂಡಿನ ಅಂತರವಿತ್ತು. 50 ಹರ್ಟ್ಸ್ ವಿದ್ಯುತ್ತಿನಲ್ಲಿ ಉರಿಯುವ ದೀಪ ಸೆಕೆಂಡಿಗೆ 100 ಬಾರಿ ಮಿನುಗುತ್ತದೆ; ನಮ್ಮ ಕಣ್ಣಿಗೆ ಕಾಣದ ಆ ಮಿನುಗನ್ನು ಪಿಕ್ಸೆಲ್‌ಗಳು ಪ್ರಾಮಾಣಿಕವಾಗಿ ವರದಿ ಮಾಡುತ್ತಿದ್ದವು. ನ್ಯೂರಾನಿನಲ್ಲಿ ಕೂಡಿದ ಮೊತ್ತ ಸೋರಿಹೋಗುವ ಕಾಲಮಾನವನ್ನು ನಾನು 20 ಮಿಲಿಸೆಕೆಂಡಿಗೆ ಇಟ್ಟಿದ್ದರಿಂದ, ಒಂದು ಮಿನುಗಿನ ಮೊತ್ತ ಸೋರುವ ಮೊದಲೇ ಇನ್ನೊಂದು ಬಂದು ಸೇರುತ್ತಿತ್ತು. ಅದನ್ನು 5ಕ್ಕೆ ಇಳಿಸಿದೆ. ದೀಪದ ಗದ್ದಲ ಅಡಗಿತು, ಜೊತೆಗೆ ನಿಧಾನವಾಗಿ ಬೀಸಿದ ಕೈಯೂ ಕಾಣದಾಯಿತು.

ದಾರಿ ತೋರಿದ್ದು ಹೊಂದಿಕೊಳ್ಳುವ ಹೊಸ್ತಿಲು. ಹೊಸ್ತಿಲು ಎಂದರೆ ನ್ಯೂರಾನ್ ಮಿಡಿಯಬೇಕಾದರೆ ಅದರಲ್ಲಿ ಕೂಡಿದ ಮೊತ್ತ ದಾಟಬೇಕಾದ ಮಟ್ಟ. ನ್ಯೂರಾನ್ ಒಮ್ಮೆ ಮಿಡಿದರೆ ಅದರ ಹೊಸ್ತಿಲು ಸ್ವಲ್ಪ ಏರುವಂತೆಯೂ, ಆ ಏರಿಕೆ ಕೆಲವು ಸೆಕೆಂಡುಗಳಲ್ಲಿ ಮೆಲ್ಲಗೆ ಇಳಿಯುವಂತೆಯೂ ಮಾಡಿ, ಸೋರಿಕೆಯನ್ನು ಮತ್ತೆ 20ಕ್ಕೆ ತಂದೆ. ಸದಾ ಮಿಡಿಯುವ ನ್ಯೂರಾನುಗಳು ತಮ್ಮನ್ನು ತಾವೇ ಸುಮ್ಮನಾಗಿಸಿಕೊಂಡವು. ಆಗೊಮ್ಮೆ ಈಗೊಮ್ಮೆ ಬರುವ ಕೈಗೆ ಉಳಿದವು ಎಂದಿನಂತೆ ಎಚ್ಚರವಾಗಿದ್ದವು. ಮಿಡಿತಗಳ ಹಿಂದುಮುಂದನ್ನು ನೋಡಿ ನ್ಯೂರಾನುಗಳ ನಡುವಿನ ಕೊಂಡಿಗಳ ಬಲವನ್ನು ತಿದ್ದುವ ಎಸ್‌ಟಿಡಿಪಿ ಕಲಿಕೆಯಲ್ಲಿ ಅಲ್ಲಿಯವರೆಗೆ ಒಂದೇ ನ್ಯೂರಾನ್ ಎಲ್ಲ ಸನ್ನೆಗಳನ್ನೂ ಕಬಳಿಸುತ್ತಿತ್ತು. ಅದೇ ಹೊಸ್ತಿಲನ್ನು ಕಲಿಯುವ ಪದರಕ್ಕೂ ಹಾಕಿದ ಮೇಲೆ ಬೇರೆ ಬೇರೆ ನ್ಯೂರಾನುಗಳು ಬೇರೆ ಬೇರೆ ಸನ್ನೆಗಳನ್ನು ಹಂಚಿಕೊಂಡವು. ಕಲಿಕೆಯ ಸೂತ್ರಕ್ಕೆ ಸಿಗುವ ಹೊಗಳಿಕೆಯಲ್ಲಿ ಅರ್ಧವಾದರೂ ಈ ಹೊಸ್ತಿಲಿಗೆ ಸಲ್ಲಬೇಕೆಂಬುದು ನನ್ನ ಅಭಿಪ್ರಾಯ.

ದೀಪ ಆರಿಸಿದ ಕೂಡಲೇ ಆ ಮೂಲೆಯಲ್ಲಿ ಕೈ ಬೀಸಿದರೆ ಯಂತ್ರ ಈಗಲೂ ಕೆಲವು ಸೆಕೆಂಡು ಗಮನಿಸುವುದಿಲ್ಲ. ಏರಿಕೆ ಬೇಗ ಇಳಿಯುವಂತೆ ಮಾಡಿದರೆ ಮಿನುಗು ಮರಳುತ್ತದೆ. ಹಾಗಾಗಿ ಅದನ್ನು ಇದ್ದಂತೆಯೇ ಬಿಟ್ಟಿದ್ದೇನೆ.